ಚಾಂದಪಾಶಾನ ಬಲಗೈ

ಶಹಾಪುರದ ಚಾಂದಪಾಶಾನಿಗೆ ಎಲ್ಲರ ಹಾಗೆ ಎರಡು ಕೈ ಇದ್ದವು. ಎಡಗೈಯನ್ನು ಯಾರೂ ಕೇಳುತ್ತಿರಲಿಲ್ಲ. ಬಲಗೈಗೆ ಮಾತ್ರ ಮೂರು ತಾಲೂಕಿನಲ್ಲಿ ಹೆಸರಿತ್ತು.

ಅವನದು ಹಳೆಯ ಪ್ರೆಸ್ ಮಷಿನ್ನುಗಳ ವ್ಯಾಪಾರ. ಯಾದಗಿರಿ, ಶಹಾಪುರ, ಸುರಪುರ, ಎಲ್ಲಿಯಾದರೂ ಒಂದು ಮುದ್ರಣಾಲಯ ಬಾಗಿಲು ಹಾಕುವ ಸುದ್ದಿ ಬಂದರೆ ಮೊದಲು ಮಾಲೀಕನ ಬೀಗರಿಗೆ ಗೊತ್ತಾಗುತ್ತಿತ್ತು, ಆಮೇಲೆ ಚಾಂದಪಾಶಾನಿಗೆ. ಹೋಗಿ ಟ್ರೆಡಲ್ ಮಷಿನ್ನು, ಕಟಿಂಗ್ ಮಷಿನ್ನು, ಸೀಸದ ಅಚ್ಚುಮೊಳೆಗಳು, ಮೊಳೆ ಇಡುವ ಮರದ ಕೇಸುಗಳು, ಎಲ್ಲವನ್ನೂ ಎತ್ತಿಕೊಂಡು ಬರುತ್ತಿದ್ದ. ಸೀಸ ಕರಗಿಸುವವರಿಗೆ ಹೋಗುತ್ತಿತ್ತು. ಮರದ ಕೇಸುಗಳನ್ನು ಹೈದರಾಬಾದಿನ ದೊಡ್ಡ ಹೋಟೆಲಿನವರು ಗೋಡೆಗೆ ತೂಗುಹಾಕಲು ಒಯ್ಯುತ್ತಿದ್ದರು. ಅವನ್ನು ನೋಡುತ್ತ ಉಣ್ಣುವುದರಲ್ಲಿ ಏನು ಸುಖವಿದೆಯೋ ಅವನಿಗೆ ಇಂದಿಗೂ ತಿಳಿದಿಲ್ಲ. ಮಷಿನ್ನುಗಳು ಮಾತ್ರ ಇನ್ನೊಂದು ಜನ್ಮಕ್ಕೆ ಹೋಗುತ್ತಿದ್ದವು. ಅಕ್ಷರ ಒತ್ತುತ್ತಿದ್ದ ಜಾಗದಲ್ಲಿ ಉಕ್ಕಿನ ಅಲಗು ಕೂರಿಸಿದರೆ ಅದೇ ಟ್ರೆಡಲ್ಲು ರಟ್ಟು ಕತ್ತರಿಸಿ, ಮಡಿಕೆಯ ಗೆರೆ ಹಾಕಿ, ಮಿಠಾಯಿ ಡಬ್ಬಿ ಮಾಡಿಕೊಡುತ್ತದೆ.

ಆದರೆ ಈ ಮಷಿನ್ನುಗಳ ಮೈ ಬೀಡು ಕಬ್ಬಿಣದ್ದು. ಬೀಡು ಬಗ್ಗುವುದಿಲ್ಲ, ಸೀಳುತ್ತದೆ. ಸೀಳಿದರೆ ಬಾಯಿಬಿಟ್ಟು ಹೇಳುವುದಿಲ್ಲ. ಸಂದಿಗೆ ಹಿತ್ತಾಳೆ ಕರಗಿಸಿ ತುಂಬಿ, ತಿಕ್ಕಿ, ಮೇಲೊಂದು ಹಸಿರು ಬಣ್ಣ ಬಳಿದರೆ ಹೆತ್ತವರಿಗೂ ಗುರುತು ಸಿಗುವುದಿಲ್ಲ. ಚಾಂದಪಾಶಾನ ಬಲಗೈಗೆ ಸಿಗುತ್ತಿತ್ತು.

ಅವನು ಮಷಿನ್ ಪರೀಕ್ಷಿಸುವುದನ್ನು ನೋಡಲು ಓಣಿಯ ಜನ ಸೇರುತ್ತಿದ್ದರು. ಮೊದಲು ಕೈಗಡಿಯಾರ ಬಿಚ್ಚಿ ಟೆಂಪೊ ಡ್ರೈವರ್ ಅಯ್ಯಣ್ಣನ ಕೈಗೆ ಕೊಡುತ್ತಿದ್ದ. ಆಮೇಲೆ ಅಂಗಿಯ ತೋಳನ್ನು ಮೊಳಕೈವರೆಗೆ ಮಡಚಿ, ಅಂಗೈಯನ್ನು ಟವೆಲ್ಲಿಗೆ ಒರೆಸಿ, ಬಿಸ್ಮಿಲ್ಲಾ ಎಂದು ಕಣ್ಣು ಮುಚ್ಚಿ, ಮಷಿನ್ನಿನ ಹೆಗಲಿನಿಂದ ಕಾಲಿನವರೆಗೆ ಕೈ ಇಳಿಸುತ್ತಿದ್ದ. ನಡುವೆ ಒಂದೆರಡು ಕಡೆ ನಿಂತು ಹುಬ್ಬು ಗಂಟಿಕ್ಕುತ್ತಿದ್ದ. ಡಾಕ್ಟರು ಕೂಡ ರೋಗಿಯ ಹೊಟ್ಟೆಯ ಮೇಲೆ ಅಷ್ಟು ಹೊತ್ತು ಕೈ ಇಡುವುದಿಲ್ಲ. ಕೊನೆಗೆ ಕಣ್ಣು ತೆರೆದು, ‘ಜೀವ ಐತಿ’ ಎನ್ನುತ್ತಿದ್ದ. ಇಲ್ಲವೆ, ‘ಜೀವ ಹೋಗೈತಿ’ ಎನ್ನುತ್ತಿದ್ದ. ಅಷ್ಟೇ. ಹೆಚ್ಚಿನದನ್ನು ಹೇಳಿದರೆ ಕೈಯ ಬೆಲೆ ಕಡಿಮೆಯಾಗುತ್ತದೆಂಬುದು ಅವನ ನಂಬಿಕೆಯಾಗಿತ್ತು.

ಈ ಕೈ ಸತ್ತು ಎಂಟು ತಿಂಗಳಾಗಿತ್ತು.

ಅದು ಗೊತ್ತಾದದ್ದು ಅವನದೇ ಶೆಡ್ಡಿನಲ್ಲಿ. ಕೂತು ಬೇಸರವಾದಾಗ ಕೇಸಿನೊಳಗೆ ಕೈ ಹಾಕಿ ಒಂದು ಅಚ್ಚುಮೊಳೆ ತೆಗೆದು, ನೋಡದೆ ಬೆರಳ ತುದಿಯಿಂದಲೇ ಅದು ಯಾವ ಅಕ್ಷರವೆಂದು ಓದುವುದು ಅವನ ಹಳೆಯ ಚಟ. ಅಂದು ಒಂದು ಮೊಳೆ ತೆಗೆದ. ಕಲ್ಲಿನ ಚೂರಿನ ಹಾಗಿತ್ತು. ಅಕ್ಷರ ಸವೆದಿದೆ ಎಂದುಕೊಂಡು ಇನ್ನೊಂದು ತೆಗೆದ. ಅದೂ ಕಲ್ಲು. ಐದನೆಯದಕ್ಕೆ ಬರುವ ಹೊತ್ತಿಗೆ ಆ ಕೇಸು ಮಾರಿದವನ ವಂಶವನ್ನೆಲ್ಲ ಬೈದು ಮುಗಿಸಿದ್ದ. ಬೆಳಕಿಗೆ ಹಿಡಿದು ನೋಡಿದರೆ ಐದೂ ಮೊಳೆಗಳ ಅಕ್ಷರಗಳು ಹೊಸದರಂತೆ ನಿಂತಿದ್ದವು.

ಡಾಕ್ಟರ ಬಳಿ ಹೋದ. ಅವರು ಅವನ ಮುಖ ಆ ಕಡೆ ತಿರುಗಿಸಿ, ಸ್ವಲ್ಪ ಹೊತ್ತಿನ ಮೇಲೆ, “ಚುಚ್ಚಿದ್ದು ಗೊತ್ತಾಯ್ತೇನು?” ಎಂದರು.

“ಯಾವಾಗ ಚುಚ್ಚತೀರಿ, ಹೇಳ್ರಿ,” ಎಂದ ಚಾಂದಪಾಶಾ.

ಚುಚ್ಚಿ ಆಗಿತ್ತು. ಸಕ್ಕರೆ ಕಾಯಿಲೆ ಬಹಳ ದಿನದಿಂದ ಇರಬೇಕು, ನರಗಳು ಸತ್ತಿವೆ, ಇರುವುದನ್ನು ಉಳಿಸಿಕೊಳ್ಳಿ ಎಂದು ಗುಳಿಗೆ ಬರೆದುಕೊಟ್ಟರು. ಅವನು ಮನೆಗೆ ಬಂದು ಹೆಂಡತಿ ಮಸ್ತಾನಬಿಗೆ ಅವು ಗ್ಯಾಸಿನ ಗುಳಿಗೆ ಎಂದ. ಮಸ್ತಾನಬಿ ಮರುದಿನದಿಂದ ಅವನ ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟಳು. ಈಗಿನ ಸಕ್ಕರೆಯಲ್ಲಿ ಸಿಹಿಯೇ ಇಲ್ಲ ಎಂದು ಅವನು ಸರ್ಕಾರವನ್ನು ಬೈಯುತ್ತ ಕುಡಿದ.

ಜೋಮು ಕೈಯಲ್ಲೇ ನಿಂತಿತ್ತೋ, ಒಳಗೂ ಇಳಿದಿತ್ತೋ ಅವನಿಗೆ ಹೇಳಲು ಬರುತ್ತಿರಲಿಲ್ಲ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಅದರ ಮಧ್ಯೆ ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ತಂದು ಅವನ ಕೈಯಲ್ಲಿಟ್ಟರು. ಕೂಸಿನ ತೂಕ ಗೊತ್ತಾಯಿತು, ಮೈ ಗೊತ್ತಾಗಲಿಲ್ಲ. ಸುತ್ತ ನಿಂತವರು ‘ಮಾಷಾಲ್ಲಾ’ ಎಂದರು, ಇವನೂ ಎಂದ. ಪೇಢೆ ಹಂಚಿದ. ಎಲ್ಲರ ಹಾಗೆ ಮಾಡುತ್ತ ಹೋದರೆ ದಿನ ಹೋಗುತ್ತದೆ ಎಂಬುದನ್ನು ಅವನು ಕಂಡುಕೊಂಡಿದ್ದ.

ವ್ಯಾಪಾರವೂ ಹಾಗೆಯೇ ನಡೆಯಿತು. ಗಡಿಯಾರ ಬಿಚ್ಚುವುದು, ತೋಳು ಮಡಚುವುದು, ಕಣ್ಣು ಮುಚ್ಚುವುದು, ಯಾವುದನ್ನೂ ಬಿಡಲಿಲ್ಲ. ಎಂಟು ತಿಂಗಳಲ್ಲಿ ಏಳು ಮಷಿನ್ನುಗಳ ಮೇಲೆ ಸತ್ತ ಕೈ ಆಡಿಸಿ, ಏಳಕ್ಕೂ ‘ಜೀವ ಐತಿ’ ಎಂದಿದ್ದ. ಏಳೂ ಓಡುತ್ತಿದ್ದವು. ಇಷ್ಟು ವರ್ಷ ಮಷಿನ್ನುಗಳು ತಾವೇ ಗಟ್ಟಿಯಿದ್ದವೋ ಏನೋ, ತನ್ನ ಕೈ ಸುಮ್ಮನೆ ಮೇಲೆ ಓಡಾಡಿ ಹೆಸರು ತಗೊಂಡಿತೋ ಏನೋ ಎಂಬ ಗುಮಾನಿ ಒಂದೆರಡು ಸಲ ಬಂದುಹೋಯಿತು. ಅದಕ್ಕೂ ಅವನಿಗೆ ಬೇಸರವಾಗಲಿಲ್ಲ.

ಎಂಟನೆಯದು ಸುರಪುರದ ಭಗವಂತರಾಯರ ಮಷಿನ್ನು.

ಭಗವಂತರಾಯರ ‘ಲೋಕೋಪಕಾರಿ ಮುದ್ರಣಾಲಯ’ ಗುಡ್ಡದ ಬುಡದ ಓಣಿಯಲ್ಲಿತ್ತು. ಅವರು ಪ್ರೆಸ್ಸು ಮುಚ್ಚಿ ಅಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ಇಡುವವರಿದ್ದರು. ತಾವು ನಿಲ್ಲಿಸಿದರೆ ಕನ್ನಡ ಅಕ್ಷರಗಳಿಗೆ ಮುಂದೆ ಯಾರು ಗತಿ ಎಂಬ ಚಿಂತೆ ಅವರನ್ನು ಮೂರು ವರ್ಷ ತಡೆದಿತ್ತು. ಅಷ್ಟರಲ್ಲಿ ಸುರಪುರದ ಲಗ್ನಪತ್ರಿಕೆಗಳೆಲ್ಲ ಶಿವಕಾಶಿಯಿಂದ ಬರತೊಡಗಿದ್ದವು. ಅಕ್ಷರಗಳು ಕ್ಷೇಮವಾಗಿದ್ದವು.

ಆ ದಿನ ಕೊಳ್ಳುವವಳೂ ಜೊತೆಗೆ ಬಂದಿದ್ದಳು. ಯಾದಗಿರಿಯ ರೇಣಮ್ಮ. ಹತ್ತು ಹನ್ನೊಂದು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ತಗಡಿನ ಶೆಡ್ಡಿನಲ್ಲಿ ಮಿಠಾಯಿ ಡಬ್ಬಿ ಮಾಡುವವಳು. ಇಷ್ಟು ದಿನ ಕತ್ತರಿ ಹಿಡಿದು ರಟ್ಟು ಕತ್ತರಿಸಿ ಎಲ್ಲರ ಹೆಬ್ಬೆರಳು ಜಡ್ಡುಗಟ್ಟಿದ್ದವು. ಈಗ ಮಷಿನ್ನು ಬೇಕಾಗಿತ್ತು.

ಹಳೆಯ ಪ್ರೆಸ್ಸಿನ ವ್ಯಾಪಾರಕ್ಕೆ ಒಂದು ಪದ್ಧತಿಯಿದೆ. ಮಾಲೀಕ ಮೊದಲು ಮಷಿನ್ನಿನ ಚರಿತ್ರೆ ಹೇಳುತ್ತಾನೆ. ಅದು ಮುಗಿಯುವತನಕ ರೇಟಿನ ಮಾತು ಎತ್ತಬಾರದು. ಎತ್ತಿದರೆ ಅವನು ಮಷಿನ್ ಕೊಡುವುದಿಲ್ಲ, ತರಿಸಿದ ಚಹಾವನ್ನೂ ಕೊಡುವುದಿಲ್ಲ. ಮೂವತ್ತು ವರ್ಷ ಇಂಥ ಚರಿತ್ರೆಗಳನ್ನು ಕೇಳಿ ಕೇಳಿ ಚಾಂದಪಾಶಾ ಕೇಳದೆಯೇ ಕೇಳುವುದನ್ನು ಕಲಿತಿದ್ದ. ಅದಕ್ಕೆ ಮೂರು ಮಾತು ಸಾಕಾಗುತ್ತಿತ್ತು: ‘ಹೌದ್ರಿ’, ‘ಅಬ್ಬಾ’, ‘ಅಂಥವರೀಗ ಎಲ್ಲಿ ಸಿಗತಾರ್ರಿ’. ಇವನ್ನು ಸರದಿಯ ಮೇಲೆ ಬಿಡುತ್ತ, ಒಳಗೊಳಗೆ ಮಷಿನ್ ಎತ್ತುವ ಚೈನ್ ಪುಲ್ಲಿಯನ್ನು ಯಾವ ತೊಲೆಗೆ ಕಟ್ಟಬೇಕು, ಬಾಗಿಲ ಚೌಕಟ್ಟು ತೆಗೆಯಬೇಕಾದೀತೇ ಎಂದು ಲೆಕ್ಕ ಹಾಕುತ್ತಿದ್ದ.

“ಪಾಶಾ, ಇದು ಬರೇ ಮಷಿನ್ ಅಲ್ಲ, ತಿಳೀತ?” ಎಂದು ಭಗವಂತರಾಯರು ಶುರುಮಾಡಿದರು. “ಈ ತಾಲೂಕಿನಾಗ ಯಾರರೆ ಮದಿವಿ ಆಗ್ಯಾರಂದ್ರ ನನ್ನ ಕೈ ದಾಟಿ ಆಗಿಲ್ಲ.”

“ಹೌದ್ರಿ.”

“ಒಮ್ಮೆ ಇಲೆಕ್ಷನ್ ಟೈಮಿನಾಗ ಮೂರು ಪಾರ್ಟಿ ಹ್ಯಾಂಡ್‌ಬಿಲ್ಲು ಒಂದೇ ದಿನ ಹೊಡದೇನಿ. ಮೂರರಾಗೂ ಅದೇ ಮ್ಯಾಟರು, ಹೆಸರಷ್ಟ ಬ್ಯಾರೆ. ಓದಿದವರಿಗೂ ಗೊತ್ತಾಗ್ಲಿಲ್ಲ, ನಿಂತವರಿಗೂ ಗೊತ್ತಾಗ್ಲಿಲ್ಲ.”

“ಅಬ್ಬಾ.”

“ಅವತ್ತೇ ನೋಡು, ಬಲಗಡಿ ಕಾಲಿನ ಮ್ಯಾಲ ಫ್ರೇಮು ಫಟ್ ಅಂತ ಸೀಳಿಬಿಡ್ತು. ಬ್ಯಾರೆಯವ್ರಾಗಿದ್ರ ತಲಿಮ್ಯಾಲ ಕೈ ಹೊತ್ತು ಕೂಡ್ತಿದ್ರು. ನಾ ಎದಿಗುಂದಲಿಲ್ಲ. ರಾಯಚೂರಿನಿಂದ ಮಿಸ್ತ್ರಿನ್ನ ಕರಿಸಿ ಹಿತ್ತಾಳಿ ತುಂಬಿಸಿದೆ. ಮೂರನೇ ದಿನಕ್ಕ ಮತ್ತ ಶುರು!”

“ಅಂಥವರೀಗ ಎಲ್ಲಿ ಸಿಗತಾರ್ರಿ,” ಎಂದ ಚಾಂದಪಾಶಾ, ತೊಲೆಯನ್ನು ನೋಡುತ್ತ.

ರೇಣಮ್ಮ ಆಗ ಹೊರಗೆ ನಿಂತು ಫೋನಿನಲ್ಲಿ ಯಾವುದೋ ಬೇಕರಿಯವನಿಗೆ ಡಬ್ಬಿಯ ಅಳತೆ ಹೇಳುತ್ತಿದ್ದಳು. ಅವಳು ಒಳಗೆ ಬರುವ ಹೊತ್ತಿಗೆ ಚರಿತ್ರೆ ಮುಗಿದು ಚಹಾ ಬಂದಿತ್ತು.

“ಪಾಶಾಣ್ಣ, ನನಗ ಮಷಿನ್ ಗೊತ್ತಿಲ್ಲ, ನಿಮ್ಮ ಕೈ ಗೊತ್ತೈತಿ,” ಎಂದಳು ಅವಳು. “ರಟ್ಟು ಕತ್ತರಸಾಕ ಭಾಳ ಒತ್ತಡ ಬೀಳತೈತಂತ. ಅಲ್ಲೆಲ್ಲೋ ಗುರುಮಠಕಲ್ ಕಡೆ ಇಂಥದ್ದೇ ಮಷಿನ್ ಓಡೂ ಮುಂದ ಫ್ರೇಮು ಮುರದು ಒಬ್ಬಾಕಿಂದು ಎರಡು ಬೆರಳು ಹೋದ್ವಂತ. ನಮ್ಮ ಹೆಣ್ಮಕ್ಕಳ ಬೆರಳು ನಿಮ್ಮ ಕೈಯಾಗ ಅದಾವ, ನೋಡ್ರಿ ಮತ್ತ.”

ಚಾಂದಪಾಶಾ ಗಡಿಯಾರ ಬಿಚ್ಚಿ ಅಯ್ಯಣ್ಣನಿಗೆ ಕೊಟ್ಟ. ತೋಳು ಮಡಚಿದ. ಓಣಿಯ ನಾಲ್ಕು ಜನ ಬಾಗಿಲಲ್ಲಿ ಬಂದು ನಿಂತರು. ಕಣ್ಣು ಮುಚ್ಚಿ ಕೈ ಇಟ್ಟ. ಹೆಗಲು, ತೋಳು, ಬೆನ್ನು, ಬಲಗಾಲು. ಬೆಸುಗೆಯ ಮೇಲೆ ಕೈ ಇಳಿಯುತ್ತ ಒಂದು ಸಲ ಹೋಯಿತು, ಏರುತ್ತ ಇನ್ನೊಂದು ಸಲ ಹೋಯಿತು. ಗೋಡೆಯ ಮೇಲೆ ಇಟ್ಟಿದ್ದರೂ ಅಷ್ಟೇ, ಗಾಳಿಯಲ್ಲಿ ಆಡಿಸಿದ್ದರೂ ಅಷ್ಟೇ. ನನಗ ಗೊತ್ತಾಗವಲ್ದು ಎಂದುಬಿಟ್ಟರೆ ಮುಗಿಯುತ್ತಿತ್ತು. ಎರಡೇ ಮಾತು. ಅವು ಬಾಯಿಯತನಕ ಬಂದದ್ದೂ ನಿಜ. ಆದರೆ ಕಣ್ಣು ತೆರೆದಾಗ ಎದುರಿಗೆ ಅಯ್ಯಣ್ಣ ಗಡಿಯಾರವನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

“ಜೀವ ಐತಿ,” ಎಂದ.

ಮಷಿನ್ನು ಹೊರಡುವ ಮುಂಚೆ ಭಗವಂತರಾಯರು ಕೋಟು ಹಾಕಿಕೊಂಡು ಬಂದು, ಅದಕ್ಕೊಂದು ಹಾರ ಹಾಕಿ, ಅದರ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡರು. ಫೋಟೊದಲ್ಲಿ ಮಷಿನ್ನು ತೀರಿಕೊಂಡವರ ಹಾಗೂ, ಅವರು ಗದ್ದುಗೆ ಏರಿದವರ ಹಾಗೂ ಕಂಡರು. ಅದು ಅಂದೇ ಸುರಪುರದ ಎಲ್ಲ ವಾಟ್ಸಾಪ್ ಗುಂಪುಗಳಿಗೆ ಹೋಯಿತು.

ಯಾದಗಿರಿಯಲ್ಲಿ ಟೆಂಪೊ ಇಳಿಸುವ ಹೊತ್ತಿಗೆ ಶೆಡ್ಡಿನ ಮುಂದೆ ಮೂರು ಕಲ್ಲಿನ ಮೇಲೆ ತಾಮ್ರದ ಹಂಡೆಯಿಟ್ಟು ನೀರು ಕಾಯಿಸುತ್ತಿದ್ದರು. ಪಕ್ಕದಲ್ಲಿ ಸೋಡಾಪುಡಿ, ತೆಂಗಿನ ನಾರು, ಅರಿಶಿನ, ಕುಂಕುಮ, ವಿಭೂತಿ. ಗುಂಪಿನಲ್ಲಿ ಹಿರಿಯಳಾದ ಮಲ್ಲಿಕಮ್ಮ ಸೀರೆ ಎತ್ತಿಕಟ್ಟಿ ನಿಂತಿದ್ದಳು.

“ನೀರ ಹಾಕಬ್ಯಾಡ್ರೆವ್ವಾ, ತುಕ್ಕ ಹಿಡೀತೈತಿ,” ಎಂದ ಚಾಂದಪಾಶಾ. “ಬೇಕಂದ್ರ ಎಣ್ಣಿ ಹಚ್ಚಿ ಒರಸ್ರಿ.”

“ಎಮ್ಮಿ ಇರ್ಲಿ, ಮಷಿನ್ ಇರ್ಲಿ, ಮೈ ತೊಳೀದ ಒಳಗ ತಗೊಳ್ಳಂಗಿಲ್ಲೋ ಯಪ್ಪಾ,” ಎಂದಳು ಮಲ್ಲಿಕಮ್ಮ. “ಮೂವತ್ತು ವರ್ಷದ ಹೊಲಸ ಹೊತಗೊಂಡು ಪೂಜಿಗೆ ಕುಂಡ್ರತೈತೇನ? ನಾ ಈ ಊರಿಗೆ ಸೊಸಿಯಾಗಿ ಬಂದಾಗ ನನ್ನೂ ಹಿಂಗ ತೊಳದೇ ತಗೊಂಡಾರ.”

“ಅದಕ್ಕ ಇನ್ನಾ ಹೊಳೀತಿ ನೋಡು, ಆಯಿ,” ಎಂದು ಯಾರೋ ಹಿಂದಿನಿಂದ ಅಂದರು. ಎಲ್ಲರೂ ನಕ್ಕರು.

ಪ್ರೆಸ್ಸಿನವರು ಮಷಿನ್ನಿಗೆ ಎಣ್ಣೆ ತೋರಿಸುತ್ತಾರೆಯೇ ಹೊರತು ನೀರು ತೋರಿಸುವುದಿಲ್ಲ. ಆದ್ದರಿಂದ ಭಗವಂತರಾಯರ ಮಷಿನ್ನಿನ ಮೇಲೆ ಮಸಿ, ಎಣ್ಣೆ, ಧೂಳು, ಬಣ್ಣ ಪದರುಪದರಾಗಿ ಕೂತಿತ್ತು. ಕುದಿಯುವ ನೀರು, ಸೋಡಾ, ನಾಲ್ಕು ಹೆಣ್ಣುಮಕ್ಕಳ ತೋಳಬಲ. ಅರ್ಧ ಗಂಟೆಯಲ್ಲಿ ಹಸಿರು ಬಣ್ಣ ಈರುಳ್ಳಿಯ ಸಿಪ್ಪೆಯ ಹಾಗೆ ಎದ್ದು ಬಂತು. ಬಲಗಾಲಿನ ಹತ್ತಿರ ತಿಕ್ಕುತ್ತಿದ್ದ ಮಲ್ಲಿಕಮ್ಮ ಕೈ ನಿಲ್ಲಿಸಿದಳು.

“ರೇಣವ್ವ, ಬಾ ಇಲ್ಲಿ. ನಿನ್ನ ಮಷಿನ್ ಬಂಗಾರ ಹಾಕ್ಕೊಂಡು ಬಂದೈತಿ.”

ಕಪ್ಪು ಕಬ್ಬಿಣದ ನಡುವೆ ಗೇಣುದ್ದದ, ಕಿರುಬೆರಳಿನಷ್ಟು ಅಗಲದ ಹಳದಿ ಗೆರೆ ಬಿಸಿಲಿಗೆ ಹೊಳೆಯುತ್ತಿತ್ತು.

ರೇಣಮ್ಮ ಬಗ್ಗಿ ನೋಡಿದಳು. ಅಯ್ಯಣ್ಣನನ್ನು ಕರೆದಳು. “ಏನಿದು?”

ಅಯ್ಯಣ್ಣ ಸುಳ್ಳು ಹೇಳಲು ಬಾರದ ಮನುಷ್ಯ. ಹಾಗಾಗಿಯೇ ಇನ್ನೂ ಬಾಡಿಗೆ ಟೆಂಪೊ ಓಡಿಸುತ್ತಿದ್ದ. “ಬೆಸಗಿ ಐತ್ರಿ ಅಕ್ಕಾರ. ಒಡದದ್ದು, ಜೋಡಿಸ್ಯಾರ.”

ತಿಕ್ಕುವ ಸದ್ದು ನಿಂತಿತು. ರೇಣಮ್ಮ ಎದ್ದು ಸೆರಗಿಗೆ ಕೈ ಒರೆಸಿಕೊಂಡು ಚಾಂದಪಾಶಾನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

“ಪಾಶಾಣ್ಣ, ಇದು ನಿಮಗ ಗೊತ್ತಿತ್ತೋ ಇಲ್ಲೋ?”

ಅವನು ಹಂಡೆಗೆ ಕೈಯೂರಿ ನಿಂತಿದ್ದ. ಉತ್ತರ ಎರಡೇ ಇದ್ದವು. ಗೊತ್ತಿತ್ತು ಎಂದರೆ ಕಳ್ಳ. ಗೊತ್ತಿರಲಿಲ್ಲ ಎಂದರೆ ಕೈ ಸತ್ತವನು. ಹಳೆಯ ಸಾಮಾನಿನ ಬಜಾರಿನಲ್ಲಿ ಕಳ್ಳನಿಗೆ ಒಂದು ಮರ್ಯಾದೆಯ ಜಾಗವಿದೆ. ಜನ ಬೈಯುತ್ತಾರೆ, ಆಮೇಲೆ ಅವನ ಹತ್ತಿರವೇ ಬರುತ್ತಾರೆ, ಯಾಕೆಂದರೆ ಕಳ್ಳನಿಗೆ ಮಾಲು ಗೊತ್ತಿರುತ್ತದೆ. ಮಾಲು ತಿಳಿಯದ ಸಜ್ಜನನಿಗೆ ಯಾರೂ ನಮಸ್ಕಾರವನ್ನೂ ಮಾಡುವುದಿಲ್ಲ. ಮೂವತ್ತು ವರ್ಷದ ಹೆಸರು ಅವನಿಂದ ಹೆಂಗಸರ ಎದುರು ಈ ಲೆಕ್ಕವನ್ನು ಒಂದು ಉಸಿರಿನಲ್ಲಿ ಮಾಡಿಸಿತು.

“ಗೊತ್ತಿತ್ತು,” ಎಂದ.

ಮಲ್ಲಿಕಮ್ಮ ನಾರನ್ನು ನೆಲಕ್ಕೆ ಒಗೆದಳು. “ಗೊತ್ತಿದ್ದೂ ತಂದ್ಯಾ? ನಮ್ಮ ಬೆರಳಂದ್ರ ಬೆಂಡಿಕಾಯಿ ಅನ್ಕೊಂಡಿಯೇನ? ಮನ್ನೆ ಮೊಮ್ಮಗಳು ಹುಟ್ಯಾಳಂತ ನಮ್ಮ ಡಬ್ಬ್ಯಾಗಽ ಪೇಢೆ ತುಂಬಿಸ್ಕೊಂಡು ಹೋದಿ. ಆ ಕೂಸಿನ್ನ ಎತ್ತೋ ಕೈಲೇನ ಇದನ್ನ ತಂದು ಇಳಿಸಿದಿ?”

“ಆಯಿ, ಸುಮ್ನ ಸಿಟ್ಟಿಗೇಳಬ್ಯಾಡ್ರಿ,” ಎಂದ ಚಾಂದಪಾಶಾ. ಅವನ ದನಿಯಲ್ಲಿ ಎಂದಿನ ಗತ್ತು ಇತ್ತು; ಕಳ್ಳತನ ಒಪ್ಪಿಕೊಂಡ ಮೇಲೆ ಅದು ಇನ್ನೂ ಸ್ವಲ್ಪ ಹೆಚ್ಚಿತ್ತು. “ಹಿತ್ತಾಳಿ ಬೆಸಗಿ ಅಂದ್ರ ಹುಡುಗಾಟ ಅಲ್ಲ. ನಾ ಕೈಯಿಟ್ಟಾಗಽ ನೋಡೀನಿ, ಒಳಗ ಗಟ್ಟಿ ಐತಿ. ಇನ್ನ ಇಪ್ಪತ್ತು ವರ್ಷಕ್ಕ ಏನೂ ಆಗಂಗಿಲ್ಲ. ಎಲ್ಲಾ ತಿಳದಽ...”

“ಪಾಶಾಣ್ಣ, ಕೈ,” ಎಂದಳು ರೇಣಮ್ಮ.

“...ತಿಳದಽ ತಂದೀನಿ. ಬೆಸಗಿಯೊಳಗೂ ಎರಡು ನಮೂನಿ...”

“ಅಯ್ಯ, ಕೈ ತಗೀರಿ!”

ಅವನು ಯಾವ ಕೈ ಎಂಬಂತೆ ಅವಳ ಮುಖ ನೋಡಿದ. ರೇಣಮ್ಮ ಎರಡು ಹೆಜ್ಜೆಯಲ್ಲಿ ಬಂದು ಅವನ ಬಲಗೈಯ ಮಣಿಕಟ್ಟು ಹಿಡಿದು ಎಳೆದಳು. ಅಷ್ಟು ಹೊತ್ತೂ ಅದು ಕುದಿಯುವ ಹಂಡೆಯ ಅಂಚಿನ ಮೇಲಿತ್ತು. ಅಂಗೈ ಕೆಂಪಗೆ ಬೆಂದು, ಬೆರಳ ಬುಡದ ತೊಗಲು ಸುಲಿದಿತ್ತು. ಸುಟ್ಟ ವಾಸನೆ ಎಲ್ಲರಿಗೂ ಬಂದಿತ್ತು. ನಾರು ಒಲೆಗೆ ಬಿದ್ದಿರಬೇಕೆಂದು ತಿಳಿದಿದ್ದರು.

ಚಾಂದಪಾಶಾ ತನ್ನ ಕೈಯನ್ನು ನೋಡಿದ. ಬೇರೆ ಯಾರದೋ ಸಾಮಾನನ್ನು ನೋಡುವ ಹಾಗೆ ನೋಡಿದ.

ಮೊದಲು ಓಡಿದವಳು ಮಲ್ಲಿಕಮ್ಮನೇ. ಕೊಡದಿಂದ ತಣ್ಣೀರು ತಂದು ಸುರಿಯುತ್ತ, “ಹೇ ಶಿವನೇ, ಉರಿಯಂಗಿಲ್ಲೇನೋ ನಿನಗ? ಒಂದು ಸಲನರ ಅಯ್ಯೋ ಅನ್ನೋ,” ಎಂದಳು. ಅವಳ ತೃಪ್ತಿಗಾದರೂ ಒಮ್ಮೆ ಅನ್ನೋಣ ಎಂದು ಅವನು ಯೋಚಿಸಿದ. ಆದರೆ ಅದೂ ಬರಲಿಲ್ಲ.

ರೇಣಮ್ಮ ಅವನನ್ನು ರಟ್ಟಿನ ಕಟ್ಟಿನ ಮೇಲೆ ಕೂರಿಸಿದಳು. “ಎಷ್ಟು ದಿನ ಆತು ಹಿಂಗಾಗಿ?”

“ಎಂಟು ತಿಂಗಳು.”

“ಅಂದ್ರ ಬೆಸಗಿ ಇದ್ದದ್ದು ನಿಮಗ ಗೊತ್ತಾಗಿಲ್ಲ.”

“ಇಲ್ಲವಾ.”

“ಮತ್ತ ಗೊತ್ತಿತ್ತು ಅಂದ್ರಿ?”

ಅದಕ್ಕೆ ಮಲ್ಲಿಕಮ್ಮನೇ ಹೇಳಿದಳು: “ಕಳ್ಳ ಅನಸ್ಕೊಳ್ಳಾಕ ಇಷ್ಟು ಹಟಾ ಮಾಡೋ ಗಂಡಸನ್ನ ನಾ ಇವತ್ತಽ ನೋಡೀನಿ ನೋಡು.”

ಸರ್ಕಾರಿ ದವಾಖಾನೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಬಂದಾಗ ಮಷಿನ್ನನ್ನು ಮತ್ತೆ ಟೆಂಪೊಗೆ ಏರಿಸಿದ್ದರು. ರೇಣಮ್ಮ ಮಷಿನ್ನಿಗೆಂದು ಕೊಟ್ಟಿದ್ದ ದುಡ್ಡನ್ನು ಅವನು ಅಲ್ಲೇ ಹಿಂದಿರುಗಿಸಿದ. ಮರುದಿನ ಅಯ್ಯಣ್ಣನೂ ಅವನೂ ಸುರಪುರಕ್ಕೆ ಹೋದರು.

ಭಗವಂತರಾಯರು ಹಳದಿ ಗೆರೆಯನ್ನು ಕಂಡು ಹಳೆಯ ಗೆಳೆಯ ಸಿಕ್ಕವರ ಹಾಗೆ ಸಂತೋಷಪಟ್ಟರು. “ಇದೇ ನೋಡು, ನಾ ಹೇಳಿದ್ದು! ರಾಯಚೂರ ಮಿಸ್ತ್ರಿ ಮಾಡಿದ್ದು.”

“ಹೇಳಿದ್ರ್ಯಾ?” ಎಂದ ಚಾಂದಪಾಶಾ. “ನನಗ?”

“ನಿನಗಲ್ದ ಯಾರಿಗೆ ಹೇಳ್ಲೋ? ಇಲೆಕ್ಷನ್ ದಿನ ಸೀಳಿತು, ಎದಿಗುಂದಲಿಲ್ಲ ಅಂತ ಬಿಡಿಸಿ ಹೇಳೇನಿ. ಚಹಾ ಕುಡಕೋತ ಕೇಳಿದಿ. ಕೇಳು ನಿಮ್ಮ ಡ್ರೈವರನ್ನ.”

ಚಾಂದಪಾಶಾ ಅಯ್ಯಣ್ಣನ ಕಡೆ ನೋಡಿದ.

“ಹೌದ್ರಿ ಭಾಯಿ, ಹೇಳಿದ್ರು,” ಎಂದ ಅಯ್ಯಣ್ಣ. “ನೀವು ‘ಅಂಥವರೀಗ ಎಲ್ಲಿ ಸಿಗತಾರ್ರಿ’ ಅಂದ್ರಿ.”

“ಮತ್ತ ಅವಾಗಽ ನನಗ್ಯಾಕ ಹೇಳಲಿಲ್ಲ ನೀ?”

“ನಿಮಗ ನಾ ಏನ್ ಹೇಳೂದ್ರಿ? ನಿಮ್ಮ ಕೈ ಅದರ ಮ್ಯಾಲಽ ಎರಡು ಸಲ ಹೋತಲ್ಲ. ಗೊತ್ತಾಗಿರತೈತಿ ಅಂದ್ಕೊಂಡ್ನಿ.”

ಮಷಿನ್ ವಾಪಸು ತೆಗೆದುಕೊಳ್ಳಲು ಭಗವಂತರಾಯರು ಒಪ್ಪಲಿಲ್ಲ. ಸುಳ್ಳು ಹೇಳಿದ್ದರೆ ಮಾತು ಬೇರೆ, ಸತ್ಯ ಹೇಳಿ ಮಾರಿದ್ದನ್ನು ಯಾವ ಕಾಯದೆಯಲ್ಲಿ ಹಿಂದೆ ತಗೊಳ್ಳಬೇಕು ಎಂದು ಕೇಳಿದರು. ಅದೂ ಅಲ್ಲದೆ ಫೋಟೊಕ್ಕೆ ಎಷ್ಟೋ ಜನ ಸಂತಾಪ ಸೂಚಿಸಿದ್ದರು. ಈಗ ಮಷಿನ್ನು ಎದ್ದು ಬಂದಿದೆ ಎಂದರೆ ಅವರಿಗೆಲ್ಲ ಏನು ಹೇಳುವುದು? ಟೆಂಪೊ ಶಹಾಪುರಕ್ಕೆ ತಿರುಗಿತು. ಮಷಿನ್ನು ಅವನ ಶೆಡ್ಡಿನ ಹಿಂದೆ ಬಿತ್ತು. ವಾರದ ಮೇಲೆ ಗುಜರಿಯವರು ಬಂದು ದೊಡ್ಡ ಸುತ್ತಿಗೆಯಿಂದ ಒಡೆದು ಕಬ್ಬಿಣದ ತೂಕಕ್ಕೆ ಒಯ್ದರು. ಚಾಂದಪಾಶಾ ನಿಂತು ನೋಡಿದ. ಅದು ಬೆಸುಗೆ ಇದ್ದಲ್ಲಿ ಒಡೆಯಲಿಲ್ಲ, ಬೇರೆ ಕಡೆ ಒಡೆಯಿತು. ಅದರಿಂದ ಅವನಿಗೆ ಸಮಾಧಾನವೂ ಆಗಲಿಲ್ಲ, ಸಂಕಟವೂ ಆಗಲಿಲ್ಲ.

ಮಸ್ತಾನಬಿಗೆ ನಿಜ ಹೇಳಿದ. ಅವಳು ಅಕ್ಕಿ ಆರಿಸುತ್ತಿದ್ದಳು, ತಲೆಯೆತ್ತಲಿಲ್ಲ. “ಮಾಲೂಮ್ ಹೈ ಜೀ, ಗೊತ್ತೈತಿ,” ಎಂದಳು. “ಗ್ಯಾಸಿನ ಗುಳಿಗಿ ಡಬ್ಬಿ ಮ್ಯಾಲ ಏನ್ ಬರದೈತಿ ಅಂತ ಮೆಡಿಕಲ್ಲಿನಾಗ ಕೇಳಿದ್ನಿ.”

“ಮತ್ತ ನೀ ಸುಮ್ನಿದ್ದಿ?”

“ನೀವೂ ಸುಮ್ನಿದ್ರಲ್ಲ.”

ಸುದ್ದಿ ಮೂರು ತಾಲೂಕಿಗೆ ಹರಡುವ ಮುಂಚೆ ತಾನೇ ಹೇಳಿಬಿಡುವುದು ಒಳ್ಳೆಯದೆಂದು ಅವನು ನಿಶ್ಚಯಿಸಿದ. ಮೊದಲ ಫೋನು ಬಂದದ್ದು ಶಹಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಪ್ರೆಸ್ಸು ಇಟ್ಟಿದ್ದ ಮಹೇಶಕುಮಾರನಿಂದ. ಅವನ ಟ್ರೆಡಲ್ಲು ಮಾರಾಟಕ್ಕಿತ್ತು. ಚಾಂದಪಾಶಾ ಗಂಟಲು ಸರಿಮಾಡಿಕೊಂಡ. ಮರಣವಾರ್ತೆ ಓದುವವರ ಹಾಗೆ, ತನ್ನ ಬಲಗೈಯಲ್ಲಿ ಇನ್ನು ಸ್ಪರ್ಶವಿಲ್ಲ, ಕರೆಯುವುದಾದರೆ ಅದನ್ನು ತಿಳಿದು ಕರೆಯಬೇಕು ಎಂದು ನಿಧಾನವಾಗಿ ಹೇಳಿದ.

“ನಿಮ್ಮ ಕೈ ತಗೊಂಡು ನಾ ಏನ್ ಮಾಡ್ಲಿ ಭಾಯಿ?” ಎಂದ ಮಹೇಶಕುಮಾರ. “ನನಗ ಜಾಗ ಖಾಲಿ ಆಗಬೇಕಾಗೈತಿ. ಪುಲ್ಲಿ ಐತಿಲ್ಲ? ಅಯ್ಯಣ್ಣ ಅದಾನಿಲ್ಲ? ಬರ್ರಿ.”

ಚಾಂದಪಾಶಾ ಫೋನು ಇಟ್ಟ. ಮಾರುವವರು ಮೂವತ್ತು ವರ್ಷ ತನ್ನನ್ನು ಕರೆದದ್ದು ಕೈಗಾಗಿ ಎಂದು ಅವನು ತಿಳಿದಿದ್ದ. ಅವರು ಕರೆದದ್ದು ಪುಲ್ಲಿಗಾಗಿ. ಇದರಿಂದ ನೋವಾಗಬೇಕಿತ್ತು. ಎಲ್ಲಾದರೂ ಆಗುತ್ತಿದೆಯೇ ಎಂದು ಹುಡುಕಿದ. ಆಗಿರಲಿಲ್ಲ. ಎದ್ದು ಹೋಗಿ ಮಹೇಶಕುಮಾರನ ಚರಿತ್ರೆಯನ್ನು ಕೇಳಿದ. ಈ ಸಲ ಕಿವಿ ಕೊಟ್ಟೇ ಕೇಳಿದ. ಅದರಲ್ಲಿ ಏನೂ ಇರಲಿಲ್ಲ.

ಕೊಳ್ಳುವವರ ಕಡೆಯಿಂದ ಮಾತ್ರ ಫೋನು ಬರಲಿಲ್ಲ. ರೇಣಮ್ಮನಂತೂ ಮಾಡಲೇ ಇಲ್ಲ. ಅವಳ ಬಳಿ ಇನ್ನೂ ಕತ್ತರಿಗಳೇ ಇದ್ದವೆಂದು ಅಯ್ಯಣ್ಣ ಹೇಳಿದ. ಕೊನೆಗೆ, ಮಹೇಶಕುಮಾರನ ಮಷಿನ್ನು ಕೈಗೆ ಬಂದ ಮೇಲೆ, ಚಾಂದಪಾಶಾನೇ ಮಾಡಿದ.

“ಒಂದು ಮಷಿನ್ ಸಿಕ್ಕೈತವಾ. ಹೆಂಗೈತಿ ಅಂತ ನಾ ಹೇಳಂಗಿಲ್ಲ. ಗ್ಯಾಸ್ ವೆಲ್ಡಿಂಗ್ ಮಾಡೋ ಮಿಸ್ತ್ರಿ ಯಾರನ್ನರ ನೀನ ಕರಿಸು. ಅವ ನೋಡಲಿ. ಬ್ಯಾಡ ಅಂದ್ರ ಟೆಂಪೊದಾಗಿಂದ ಇಳಸೂದಽ ಬ್ಯಾಡ.”

ಫೋನಿನಾಚೆಯಿಂದ ರೇಣಮ್ಮ, “ತರ್ರಿ,” ಎಂದಳು.

ಸೋಮವಾರ ಟೆಂಪೊ ಯಾದಗಿರಿಯ ಶೆಡ್ಡಿನ ಮುಂದೆ ನಿಂತಿತು. ಮಲ್ಲಿಕಮ್ಮ ಈ ಸಲ ಮಷಿನ್ನು ನೆಲಕ್ಕೆ ಇಳಿಯುವತನಕ ಕಾಯಲಿಲ್ಲ. ಟೆಂಪೊದ ಮೇಲೆ ಹತ್ತಿ ಅಲ್ಲೇ ಸ್ನಾನ ಮಾಡಿಸಿದಳು. ಅಯ್ಯಣ್ಣನ ಟೆಂಪೊವೂ ಹುಟ್ಟಿದಮೇಲೆ ಮೊದಲ ಸಲ ಬಿಳಿಯಾಯಿತು. ಆಮೇಲೆ ಮಿಸ್ತ್ರಿ ಬಂದ. ಹೆಸರು ಅಬ್ರಾರ, ವಯಸ್ಸು ನಲವತ್ತರ ಹತ್ತಿರ. ಕಣ್ಣು ಮುಚ್ಚಲಿಲ್ಲ, ತೋಳು ಮಡಚಲಿಲ್ಲ. ಒಂದು ಅರಿವೆಯಿಂದ ಸೀಮೆಎಣ್ಣೆ ಸವರಿದ, ಒರೆಸಿದ, ಮೇಲೆ ಸುಣ್ಣದಪುಡಿ ಉದುರಿಸಿ ಬೀಡಿ ಹಚ್ಚಲು ದೂರ ಹೋದ. ಬಿರುಕಿದ್ದರೆ ಒಳಗೆ ಹೊಕ್ಕ ಎಣ್ಣೆ ಹೊರಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಇದನ್ನು ಮಾಡಲು ಹೆಸರೂ ಬೇಕಿಲ್ಲ, ವಂಶವೂ ಬೇಕಿಲ್ಲ.

ಚಾಂದಪಾಶಾ ಗೇಟಿನ ಹೊರಗೆ ನಿಂತಿದ್ದ. ಇಷ್ಟು ವರ್ಷದಲ್ಲಿ ಮಷಿನ್ ಪರೀಕ್ಷೆ ನಡೆಯುವಾಗ ಅವನು ಹೊರಗೆ ನಿಂತದ್ದು ಇದೇ ಮೊದಲು. ಗಡಿಯಾರ ಅವನ ಕೈಯಲ್ಲೇ ಇತ್ತು. ನೋಡಿದ, ಅರ್ಧ ಗಂಟೆಯಾಗಿತ್ತು.

“ಎಲ್ಲೂ ಗೆರಿ ಬಂದಿಲ್ರಿ ಅಕ್ಕಾರ,” ಎಂದು ಒಳಗಿನಿಂದ ಅಬ್ರಾರನ ದನಿ ಕೇಳಿತು. “ಸರಿ ಐತಿ.”

ಮಷಿನ್ನು ಇಳಿಯಿತು, ಕೂತಿತು, ಕುಂಕುಮ ಹಚ್ಚಿಸಿಕೊಂಡಿತು. ಎಲ್ಲರೂ ಒಳಗಿದ್ದರು. ರೇಣಮ್ಮ ಒಂದು ಸ್ಟೀಲಿನ ಗ್ಲಾಸಿನಲ್ಲಿ ಚಹಾ ಹಿಡಿದುಕೊಂಡು ಗೇಟಿಗೆ ಬಂದಳು. ಸಕ್ಕರೆ ಹಾಕಿಲ್ಲ ಎಂದಳು. ಅವನು ಕೈ ಚಾಚಿದ. ಅಂಗೈಯ ಹೊಸ ತೊಗಲು ಇನ್ನೂ ಗುಲಾಬಿ ಬಣ್ಣದ್ದಿತ್ತು.

ಅವಳು ಕೊಡಲಿಲ್ಲ. ಗ್ಲಾಸನ್ನು ಕಟ್ಟೆಯ ಮೇಲಿಟ್ಟು, ಎರಡು ಬೆರಳಿನಿಂದ ಮುಟ್ಟಿ ನೋಡಿ ಕೈ ಹಿಂದೆ ತೆಗೆದಳು.

“ತಡೀರಿ, ಸುಡತೈತಿ.”

ಅವನು ಕೈ ಇಳಿಸಿ ನಿಂತ. ಇಬ್ಬರೂ ಗ್ಲಾಸನ್ನು ನೋಡುತ್ತಿದ್ದರು. ಒಳಗೆ ಮೋಟರು ಶುರುವಾಯಿತು. ಮಷಿನ್ನು ಮೊದಲ ರಟ್ಟನ್ನು ಕಚ್ಚಿದ ಸದ್ದು, ಹೆಂಗಸರ ಗದ್ದಲ. ರೇಣಮ್ಮ ಆ ಕಡೆ ತಿರುಗಲಿಲ್ಲ. ಇನ್ನೊಮ್ಮೆ ಮುಟ್ಟಿದಳು. ತಲೆಯಾಡಿಸಿದಳು. ಮೂರನೆಯ ಸಲ ಮುಟ್ಟಿ, ಗ್ಲಾಸಿನ ಸುತ್ತ ಪೂರ್ತಿ ಅಂಗೈ ಇಟ್ಟು ನೋಡಿದಳು.

“ಈಗ ಹಿಡೀರಿ,” ಎಂದಳು.

ಅವನು ಹಿಡಿದ.